ಮನೆಯೆಲ್ಲ ಹಿಡಿದ ಪಥ್ಯ

ಆರನೆಯ ವಾರವೂ ಸೊನ್ನೆಯೇ ಬಂತು.

ಸೋಲಾಪುರದ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಆಗ ನನ್ನ ಕೆಲಸ ಅಂಕ ಹಾಕುವುದು. ಸ್ಕಿಜೋಫ್ರೇನಿಯಾ ಇರುವ ಹೆಚ್ಚಿನವರು ಯಾರ ಮೇಲೂ ಕೈ ಮಾಡುವುದಿಲ್ಲ. ನಮ್ಮಲ್ಲಿಗೆ ಬರುತ್ತಿದ್ದವರು ಉಳಿದ ಸ್ವಲ್ಪ ಜನ, ಕಾಯಿಲೆ ಕೆರಳಿದಾಗ ಬಯ್ಯುವವರು, ಎಸೆಯುವವರು, ಹೊಡೆಯುವವರು. ಅವರಿಗೆ ಮೂರು ಔಷಧಗಳಲ್ಲಿ ಯಾವುದು ಹೆಚ್ಚು ನೆರವಾಗುತ್ತದೆಂದು ವಿಭಾಗದವರು ಹೋಲಿಸಿ ನೋಡುತ್ತಿದ್ದರು. ಹಳೆಯ ಹ್ಯಾಲೊಪೆರಿಡಾಲ್, ಆಮೇಲೆ ಬಂದ ಒಲಾಂಜಪಿನ್, ಮತ್ತು ಬೇರೆಯವು ಸೋತಾಗ ಕೊಡುವ ಕ್ಲೋಜಪಿನ್. ಮೂರನ್ನೂ ಒಂದೇ ಬಣ್ಣದ ಕ್ಯಾಪ್ಸೂಲಿನಲ್ಲಿ ತುಂಬಿದ್ದರು. ಕ್ಲೋಜಪಿನ್ ರಕ್ತದ ಬಿಳಿ ಕಣಗಳನ್ನು ಇಳಿಸಿಬಿಡಬಹುದು, ಅದಕ್ಕೆ ವಾರವಾರ ರಕ್ತ ನೋಡಬೇಕು. ಯಾರು ಏನು ತಿನ್ನುತ್ತಿದ್ದಾರೆಂಬ ಗುಟ್ಟು ಬಯಲಾಗಬಾರದೆಂದು ಎಲ್ಲರಿಂದಲೂ ರಕ್ತ ತೆಗೆಯುತ್ತಿದ್ದರು. ಗುಟ್ಟು ಔಷಧ ಕೊಡುವವನ ಕಪಾಟಿನಲ್ಲಿ, ಮೊಹರು ಮಾಡಿದ ಲಕೋಟೆಗಳಲ್ಲಿತ್ತು.

ನಾನು ಅದನ್ನು ಊಹಿಸಲೂಬಾರದು. ಕೈ ನಡುಗಿದರೆ ಹಳೆಯ ಔಷಧ, ಜೊಲ್ಲು ಸುರಿದರೆ ಕ್ಲೋಜಪಿನ್ ಎಂದು ಈ ಕೆಲಸದವರಿಗೆ ಸುಲಭವಾಗಿ ಹೊಳೆಯುತ್ತದೆ. ಹೊಳೆದರೆ ಅಂಕ ಬಾಗುತ್ತದೆ. ಆದ್ದರಿಂದ ರೋಗಿ ಹೊರಗೆ ಕೂರುತ್ತಿದ್ದ, ಮನೆಯವರು ಒಳಗೆ ಬರುತ್ತಿದ್ದರು. ಕಳೆದ ಏಳು ದಿನಗಳ ಬಗ್ಗೆ ನಾಲ್ಕು ಪ್ರಶ್ನೆ: ಮಾತಿನಲ್ಲಿ, ವಸ್ತುಗಳ ಮೇಲೆ, ತನ್ನ ಮೇಲೆ, ಇತರರ ಮೇಲೆ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ. ಫಾರ್ಮು ಮರಾಠಿಯಲ್ಲಿ, ಬರುವವರಲ್ಲಿ ಅರ್ಧ ಜನ ಕನ್ನಡದವರು. ನನ್ನನ್ನು ಅಲ್ಲಿ ಕೂರಿಸಿದ್ದಕ್ಕೆ ಅದೂ ಒಂದು ಕಾರಣ.

ಅಕ್ಕಲಕೋಟ ತಾಲೂಕಿನ ತಡವಳದಿಂದ ಬರುತ್ತಿದ್ದ ತಾಯಿ ನನ್ನ ಪ್ರಶ್ನೆ ಮುಗಿಯಲು ಬಿಡುತ್ತಿರಲಿಲ್ಲ.

“ಹೋದ ವಾರ ಯಾರಿಗರೆ ಬೈದಾರೇನ್ರಿ?”

“ಇಲ್ರಿ.”

“ಏನರೆ ಒಗದು…”

“ಇಲ್ರಿ.”

“ತಮಗ ತಾವೇ…”

“ಅದೂ ಇಲ್ರಿ, ಮುಂದಿಂದೂ ಇಲ್ರಿ. ನಾಕೂ ಸೊನ್ನಿ ಬರೀರಿ ಮ್ಯಾಡಮ್, ಎಸ್.ಟಿ. ಬಸ್ ತಪ್ಪತದ.”

ಜೊತೆಗಿದ್ದ ಸಣ್ಣ ಮಗ ನಕ್ಕ. “ಸಾಲಿಗಿ ಹೋಗಲಾರದ ನಮ್ಮವ್ವ ಈಗ ವಾರಕ್ಕೊಮ್ಮಿ ಪಾಸ್ ಆಗಾಕತ್ಯಾಳ್ರಿ.” ಆಮೇಲೆ ನಗು ನಿಲ್ಲಿಸಿ, ಆರು ವಾರದಿಂದ ಕೇಳುತ್ತಿದ್ದುದನ್ನೇ ಕೇಳಿದ. “ಹಂಗಾರ ಅವರನ್ನ ಕರಕೊಂಡ ಬರಬಹುದಲ್ರಿ?”

ಅವರು ಎಂದರೆ ಅವನ ಹೆಂಡತಿ ಮತ್ತು ಕೂಸು. ರೋಗಿ ಇವನ ಅಣ್ಣ. ಔಷಧ ಶುರುವಾಗುವ ಮೊದಲು ಅಣ್ಣ ಎಸೆದ ಹಿತ್ತಾಳೆಯ ತಂಬಿಗೆ ತೊಟ್ಟಿಲ ಹಗ್ಗಕ್ಕೆ ತಗುಲಿ ಗೋಡೆಗೆ ಬಡಿದಿತ್ತು. ಒಳಗೆ ನಾಲ್ಕು ತಿಂಗಳ ಹೆಣ್ಣು ಕೂಸು ಮಲಗಿತ್ತು. ಮರುದಿನವೇ ಸೊಸೆ ಅದನ್ನೆತ್ತಿಕೊಂಡು ಸೋಲಾಪುರಕ್ಕೆ ಹೊರಟುಹೋಗಿದ್ದಳು. ಅವಳ ತಂದೆಗೆ ನವಿ ಪೇಠೆಯಲ್ಲಿ ಮಕ್ಕಳ ಬಟ್ಟೆಯ ಅಂಗಡಿ. ಡಾಕ್ಟರು ಖಾತ್ರಿ ಕೊಟ್ಟರೆ ಬರುತ್ತೇನೆ ಎಂದಿದ್ದಳಂತೆ. ನಮ್ಮ ದೊಡ್ಡ ಡಾಕ್ಟರು ನನ್ನ ಆರು ವಾರಗಳ ಸೊನ್ನೆಗಳನ್ನು ನೋಡಿ, ಇನ್ನೊಂದು ವಾರ ಹೀಗೇ ಇದ್ದರೆ ಅಡ್ಡಿಯಿಲ್ಲ ಎಂದರು. ಆ ವಾರ ಕಳೆದ ಮೇಲಿನ ಸೋಮವಾರ ಎಂದು ಮನೆಯವರು ದಿನವನ್ನೂ ಗೊತ್ತುಮಾಡಿಕೊಂಡರು.

ಆ ಸೊನ್ನೆಗಳನ್ನು ನಾನು ಖುಷಿಯಿಂದಲೇ ಬರೆದೆ. ಅನುಮಾನ ಮೊದಲೇ ಬಂದಿತ್ತು ಎಂದು ಈಗ ಹೇಳಿಕೊಳ್ಳಬೇಕೆನ್ನಿಸುತ್ತದೆ. ಬಂದಿರಲಿಲ್ಲ.

ಏಳನೆಯ ವಾರ ಅವರು ಬರಲಿಲ್ಲ. ತಾಯಿಯ ಕಾಲು ಉಳುಕಿತ್ತು. ಬರಲಾಗದವರನ್ನು ಮೂರು ದಿನದೊಳಗೆ ಫೋನಿನಲ್ಲಿ ಕೇಳಿ ಬರೆದುಕೊಳ್ಳಬಹುದು ಎಂದು ನಿಯಮ. ಸಣ್ಣ ಮಗನಿಗೆ ಫೋನ್ ಮಾಡಿದೆ. ಅವನು ಹೊಲದಲ್ಲಿದ್ದ.

“ಮನಿಗಿ ಹೋದ ಮ್ಯಾಲೆ ಅವ್ವಗ ಫೋನ್ ಕೊಡ್ರಿ.”

“ಮನಿಯಾಗ ಫೋನ್‌ನಾಗ ಮಾತಾಡೂದು ಬಿಟ್ಟೀವ್ರಿ ಮ್ಯಾಡಮ್.”

“ಯಾಕ?”

“ಅಣ್ಣಗ ಆಗೂದಿಲ್ಲಲ್ರಿ. ಯಾರ ಜೋಡಿ ಮಾತಾಡಿದ್ರೂ ತನ್ನ ಬಗ್ಗೇನೇ ಅಂತಾನ.”

ಆಗ ಅನುಮಾನ ಬಂತು. ಬರುತ್ತೇನೆಂದು ಅವನಿಗೆ ತಿಳಿಸಿ, ರಜೆ ಹಾಕಿ ಹೊರಟೆ. ಯಾರನ್ನೂ ಕೇಳಲಿಲ್ಲ. ಬಸ್ಸು ಕುಂಭಾರಿ ದಾಟುವಾಗಲೂ, ಇದು ತಪಾಸಣೆಯಲ್ಲ, ಕಾಲು ಉಳುಕಿದವಳನ್ನು ಮಾತಾಡಿಸಿ ಬರುವುದು ಎಂದೇ ಹೇಳಿಕೊಳ್ಳುತ್ತಿದ್ದೆ. ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಇಳಿದಾಗ ಗುರುವಾರದ ಜನಜಂಗುಳಿ, ಸ್ವಾಮಿಗಳ ದರ್ಶನಕ್ಕೆ ಹೊರಟವರ ಗದ್ದಲ.

ಇಲ್ಲಿ ನಿಲ್ಲಬೇಕು. ಗುರುವಾರ ಎಂದು ಬರೆದೆ. ನನ್ನ ರಜೆಯ ಅರ್ಜಿಯ ಮೇಲೆ ಬುಧವಾರದ ತಾರೀಖಿದೆ. ಆ ಗದ್ದಲವನ್ನು ನೆನಪು ಬೇರೆ ಯಾವುದೋ ದಿನದಿಂದ ಎತ್ತಿ ತಂದಿರಬೇಕು, ಮುಂದೆ ಬರುವ ಮೌನ ಎದ್ದು ಕಾಣಲಿ ಎಂದು. ಗದ್ದಲವನ್ನು ತೆಗೆದು ಓದಿ. ಬುಧವಾರ, ಸಾಧಾರಣ ಜನ, ಮೋಟರ್‌ಸೈಕಲ್ ಮೇಲೆ ಕಾಯುತ್ತಿದ್ದ ಸಣ್ಣ ಮಗ.

ತಡವಳದಲ್ಲಿ ಅವರ ಓಣಿ ಬರುವ ಮೊದಲೇ ಅವನು ಎಂಜಿನ್ ಬಂದ್ ಮಾಡಿ ಇಳಿದ. ನಾನೂ ಇಳಿದೆ. ಗಾಡಿಯನ್ನು ಮನೆವರೆಗೂ ನೂಕಿಕೊಂಡು ಬಂದ. ದಿನವೂ ಹೀಗೇ ಅಂತೆ.

ಪಡಸಾಲೆಯಲ್ಲಿ ಒಂದು ಚಾಪೆ ಬಿಟ್ಟು ಏನೂ ಇರಲಿಲ್ಲ. ಕುರ್ಚಿಗಳು ಪಕ್ಕದ ಮನೆಯಲ್ಲಿ. ಟಿ.ವಿ. ಮೇಲೆ ಕೌದಿ ಹೊದಿಸಿ ಹಗ್ಗ ಕಟ್ಟಿದ್ದರು. ತಂಬಿಗೆ, ಹಿತ್ತಾಳೆ ಕೊಡ, ಖಾರ ಕುಟ್ಟುವ ಕಲಬತ್ತು ಎಲ್ಲವೂ ಕಣಜದ ಕೋಣೆಯಲ್ಲಿ ಬೀಗದೊಳಗೆ. ನೀರು ಬಂದದ್ದು ತೆಳು ಪ್ಲಾಸ್ಟಿಕ್ ಲೋಟದಲ್ಲಿ. ಕಾಲಿಗೆ ಅರಿಶಿನದ ಪಟ್ಟು ಹಾಕಿಕೊಂಡಿದ್ದ ತಾಯಿ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಬರಮಾಡಿಕೊಂಡಳು. ತಾಯಿ ಮಗ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು, ಬಹಳ ದಿನದ ರೂಢಿ ಇದ್ದವರಂತೆ ಚುರುಕಾಗಿ. ಅಣ್ಣ ಮೇಲೆ ಮಾಳಿಗೆಯಲ್ಲಿದ್ದ. ಅವನು ನಡೆದಾಡುವ ಸದ್ದು ಮಾತ್ರ ತಲೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಹೋಗಿ ಬರುತ್ತಿತ್ತು.

ಊಟದ ಹೊತ್ತಾಯಿತು. ಒಲೆಯ ಮೇಲೆ ಪಲ್ಯ ಇತ್ತು, ರೊಟ್ಟಿಯ ಹಂಚು ಇರಲಿಲ್ಲ. ಸ್ವಲ್ಪ ಹೊತ್ತಿಗೆ ತಾಯಿ ಕುಂಟುತ್ತ ಹಿತ್ತಲ ಬಾಗಿಲಿನಿಂದ ಹೋಗಿ, ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಬಂದಳು. ಬಿಸಿ ಜೋಳದ ರೊಟ್ಟಿ. ರೊಟ್ಟಿ ಬಡಿಯುವ ಸದ್ದಿಗೆ ದೊಡ್ಡ ಮಗ ಒಮ್ಮೆ ಹಿಟ್ಟು ನಾದುವ ಪರಾತವನ್ನೇ ಒದ್ದಿದ್ದನಂತೆ. ಅಂದಿನಿಂದ ಈಕೆ ಎರಡು ಹೊತ್ತೂ ನಾಲ್ಕು ಮನೆ ಆಚೆ ಹೋಗಿ, ಅವರ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ತರುತ್ತಿದ್ದಳು. ಕಾಲು ಉಳುಕಿದ್ದೂ ಆ ಓಡಾಟದಲ್ಲೇ.

ನನ್ನ ಫಾರ್ಮಿನಲ್ಲಿ ವಸ್ತುಗಳ ಮೇಲಿನ ಸಿಟ್ಟಿಗೆ ಆರು ಸೊನ್ನೆಗಳಿದ್ದವು. ಎಸೆಯಲು ವಸ್ತುವೇ ಇರಲಿಲ್ಲ.

ಮಾಳಿಗೆ ಹತ್ತಿದೆ. ಅವನೊಡನೆ ನಾನು ಮಾತಾಡುತ್ತಿದ್ದುದು ಅದೇ ಮೊದಲು. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ನಿಂತಲ್ಲಿ ನಿಲ್ಲಲಾರದೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ನೋಡಬಾರದೆಂದು ಕಲಿತಿದ್ದ ನನ್ನ ಕಣ್ಣು ಅಂದು ನೋಡಿತು.

“ನೀವು ಸೊನ್ನಿ ಬರಿಯೂ ಮ್ಯಾಡಮ್ ಅಲ್ರಿ?” ಎಂದ.

“ಹೌದ್ರಿ. ಕಾಲಿಗಿ ಏನಾಗ್ಯಾದ?”

“ಒಳಗ ಇರುವಿ ಹರದಂಗ ಆಗ್ತದ್ರಿ. ಕುಂತ್ರ ಕುಂದ್ರಾಕ ಆಗೂದಿಲ್ಲ, ನಿಂತ್ರ ನಿಂದ್ರಾಕ ಆಗೂದಿಲ್ಲ. ಅದರ ತ್ರಾಸಿಗೇ ಸಿಟ್ಟು ಬರ್ತದ.”

“ದವಾಖಾನ್ಯಾಗ ಯಾಕ ಹೇಳಿಲ್ಲ?”

“ಯಾರು ಕೇಳ್ಯಾರ್ರಿ? ಅವ್ವನ್ನ ಒಳಗ ಕರೀತೀರಿ, ನನ್ನ ಬೆಂಚಿನ ಮ್ಯಾಲೆ ಕುಂದ್ರಸ್ತೀರಿ.”

ರಕ್ತ ತೆಗೆಯುವವನಿಗೂ ಡಾಕ್ಟರಿಗೂ ಹೇಳಬಹುದಿತ್ತಲ್ಲ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಡಾಕ್ಟರು ‘ಹೇಗಿದ್ದೀಯ’ ಎಂದಾಗಲೆಲ್ಲ ಉತ್ತರ ಕೊಡುತ್ತಿದ್ದವಳು ಪಕ್ಕದಲ್ಲಿರುತ್ತಿದ್ದ ತಾಯಿ. ಅವನೇ ಮುಂದುವರಿಸಿದ.

“ನಾ ಶಾಂತ ಆಗೀನಿ ಅಂತ ಬರದೀರಂತ. ನಾ ಆಗಿಲ್ರಿ, ಮನಿ ಆಗ್ಯಾದ. ಜಗಳ ಆಡಬೇಕಂದ್ರ ಎದುರಿಗಿ ಯಾರರೆ ಬೇಕಲ್ರಿ. ತಮ್ಮ ಅಂತೂ ನನ್ನ ನೋಡಿದ್ರ ಬೆಕ್ಕಿನಂಗ ಗ್ವಾಡಿ ಹಿಡದು ಹೋಗ್ತಾನ.” ನಗು ಬಂತು ಅವನಿಗೆ, ತಡೆದುಕೊಂಡ. “ಸೋಮವಾರ ಕೂಸು ಬರ್ತದಂತ. ಕೂಸು ಅಳತದ್ರಿ. ಅದಕ್ಕ ಕೈಸನ್ನಿ ತಿಳಿತದೇನು?”

“ಮನಿಯಾಗ ಹೇಳ್ರಿ ಇದನ್ನ.”

“ನಾ ಹೇಳಿದ್ರ ಹುಚ್ಚ ಹೇಳ್ತಾನ ಅಂತಾರ. ನೀವು ಹೇಳ್ರಿ. ಡಾಕ್ಟರಗೂ ಹೇಳ್ರಿ, ಕೂಸಿನ ಅವ್ವಗೂ ಹೇಳ್ರಿ.”

ಈ ಮಾತುಗಳು ಹೀಗೇ, ಇದೇ ಕ್ರಮದಲ್ಲಿ ಬಂದವೆಂದು ಹೇಳಲಾರೆ. ಆ ದಿನದ ಟಿಪ್ಪಣಿಯಲ್ಲಿ ಎರಡೇ ಗುರುತುಗಳಿವೆ: ‘ಇರುವೆ’, ‘ಕೂಸು—ಸನ್ನೆ’. ಉಳಿದದ್ದನ್ನು ನಾನು ಆಮೇಲೆ ಬಹಳ ಸಲ ಕೇಳಿಸಿಕೊಂಡಿದ್ದೇನೆ, ಅದರಲ್ಲಿ ಎಷ್ಟು ಅವನದು ಎಂದು ಬಿಡಿಸಿ ಹೇಳುವುದು ಈಗ ಕಷ್ಟ. ‘ನೀವು ಹೇಳ್ರಿ’ ಎಂದದ್ದು ಮಾತ್ರ ಖಾತ್ರಿ. ಅದಿಲ್ಲದಿದ್ದರೆ ಮುಂದೆ ಮಾಡಿದ್ದನ್ನು ನಾನು ಮಾಡುತ್ತಿರಲಿಲ್ಲ.

ಕೆಳಗಿಳಿದು ತಾಯಿಗೆ ಹೇಳಿದೆ, ಪಿಸುಮಾತಿನಲ್ಲಿ, ಹಿತ್ತಲಲ್ಲಿ ನಿಂತು. ಈ ಸಲ ಸೊನ್ನೆ ಬರೆಯಲಾರೆ, ಮೊದಲಿನವೂ ಸರಿಯಿಲ್ಲ ಎಂದೆ. ಅವಳ ಮುಖ ಕೆಂಪಾಯಿತು.

“ನಾ ಸುಳ್ಳ ಹೇಳೀನೇನು? ಒಗದಾನಂತ ನೀವು ನೋಡೀರಿ?”

“ಸುಳ್ಳಲ್ರಿ. ಆದ್ರ ಔಷಧ ಎಷ್ಟು ಹಿಡದದ, ನೀವು ಎಷ್ಟು ಹಿಡದೀರಿ ಅನ್ನೂದು ತಿಳೀವಲ್ದು.”

“ಔಷಧಕ್ಕ ಪಥ್ಯ ಬ್ಯಾಡೇನ್ರಿ ಮತ್ತ?” ಎಂದಳು. “ನಮ್ಮ ಮಾವ ಕಾಮಣಿ ಆಗಿ ಕಣ್ಣು ಹಳದಿ ಆದಾಗ ಉಪ್ಪು ಖಾರ ಬಿಟ್ರು, ಅವರ ಜೋಡಿ ಮನಿ ಮಂದಿ ಎಲ್ಲಾ ಬಿಟ್ಟಿತ್ತು. ಒಬ್ಬರ ಮುಂದ ಒಬ್ಬರು ತಿನಬಾರದಂತ. ನಿಮ್ಮ ದೊಡ್ಡ ಡಾಕ್ಟರೇ ಮೊದಲನೇ ದಿನ ಹೇಳಿದ್ರಲ್ಲ, ಅವನ ಮನಸು ನೋಯಸಬ್ಯಾಡ್ರಿ ಅಂತ. ಬರೋಬರ್ ಪಾಳಿಸೀವಿ. ಎರಡು ತಿಂಗಳಾತು ನಾ ಮನಿಯಾಗ ಕೆಮ್ಮಿಲ್ಲ.”

ಕ್ಯಾಪ್ಸೂಲನ್ನು ಊಟದ ಮುಂಚೆಯೋ ಆಮೇಲೋ ಎಂಬುದನ್ನು ನಾವು ಎರಡೆರಡು ಸಲ ಹೇಳಿದ್ದೆವು. ಪಥ್ಯ ಇಲ್ಲ ಎಂದು ಯಾರೂ ಹೇಳಿರಲಿಲ್ಲ. ಈ ಕಡೆಯ ಯಾವ ಮನೆಯಲ್ಲೂ ಪಥ್ಯವಿಲ್ಲದೆ ಔಷಧ ಹತ್ತುವುದಿಲ್ಲ. ಅದು ಗೊತ್ತಿದ್ದೇ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು.

ಮರುದಿನ ದೊಡ್ಡ ಡಾಕ್ಟರ ಮುಂದೆ ನಿಂತೆ. ನಾವು ಮಾತಾಡಿದ್ದು ಮರಾಠಿಯಲ್ಲಿ, ಅರ್ಥ ಇಷ್ಟು. ಅವರು ಕೂಗಾಡುವವರಲ್ಲ. ನೀನು ಅಲ್ಲಿಗೆ ಹೋದದ್ದು ತಪ್ಪು ಎಂದರು. ಒಂದು ಮನೆಗೆ ಹೋಗಿ ಉಳಿದ ಮನೆಗಳಿಗೆ ಹೋಗದಿದ್ದರೆ ಹೋಲಿಕೆ ಹೋಲಿಕೆಯಾಗಿ ಉಳಿಯುವುದಿಲ್ಲ, ಉಳಿದವರ ಮನೆಯೊಳಗೆ ಏನಿದೆಯೆಂದು ನಮಗೇನು ಗೊತ್ತು. ಅವರು ಹೇಳಿದ್ದು ಸರಿ. ಆ ಮಾತು ಹಿಂದಿನ ರಾತ್ರಿಯೇ ನನ್ನನ್ನು ಹಿಡಿದಿತ್ತು. ನಾನು ತುಂಬಿದ ಎಲ್ಲ ಫಾರ್ಮುಗಳಲ್ಲಿ ಎಷ್ಟು ಸೊನ್ನೆಗಳು ಔಷಧದವು, ಎಷ್ಟು ಮನೆಯವರವು?

“ಹೋಲಿಕೆಯ ಹನ್ನೆರಡು ವಾರ ಮುಗಿಯಲಿ,” ಎಂದರು.

“ಸೋಮವಾರ ಕೂಸು ಬರುತ್ತದೆ,” ಎಂದೆ.

ಲಕೋಟೆ ಒಡೆದರೆ ಅವನು ಹೋಲಿಕೆಯಿಂದ ಹೊರಗೆ. ಆರು ವಾರದ ಕೆಲಸ ವ್ಯರ್ಥ. ಇನ್ನು ಮುಂದೆ ಅಂಕ ಹಾಕುವ ಕೆಲಸ ನನಗಿರುವುದಿಲ್ಲ, ಗುಟ್ಟು ತಿಳಿದವಳು ಆ ಕುರ್ಚಿಯಲ್ಲಿ ಕೂರಬಾರದು. ಇದೆಲ್ಲ ಗೊತ್ತಿದ್ದೇ ಒಂದು ಕಾಗದ ಬರೆದು ಅವರ ಮೇಜಿನ ಮೇಲಿಟ್ಟೆ: ಈ ರೋಗಿಗೆ ನಾನು ಕೊಟ್ಟ ಅಂಕಗಳನ್ನು ನಾನೇ ನಂಬುವುದಿಲ್ಲ, ಕಾಲಿನ ಚಡಪಡಿಕೆಯನ್ನು ಇಂದೇ ಪರೀಕ್ಷಿಸಬೇಕು, ಮನೆಯವರಿಗೆ ಕೊಟ್ಟ ಮಾತನ್ನು ಹಿಂದೆಗೆದುಕೊಳ್ಳಬೇಕು. ಅವರು ಓದಿ, ಕನ್ನಡಕ ತೆಗೆದಿಟ್ಟರು. ಆಮೇಲೆ ಔಷಧ ಕೊಡುವವನನ್ನು ಕರೆಸಿದರು.

ಹ್ಯಾಲೊಪೆರಿಡಾಲ್. ಆ ಔಷಧ ಕೆಲವರ ಕಾಲಿಗೆ ಅಂಥ ಚಡಪಡಿಕೆ ತರುತ್ತದೆ. ಹೊರಗಿನಿಂದ ನೋಡುವವರಿಗೆ ಅದು ರೋಗದ ಸಿಟ್ಟಿನಂತೆಯೇ ಕಾಣುತ್ತದೆ.

ನವಿ ಪೇಠೆಗೆ ಅದೇ ಸಂಜೆ ಹೋದೆ. ತಂದೆ ಗಾದಿಯ ಮೇಲೆ ಕೂತು ಗಿರಾಕಿಗೆ ಫ್ರಾಕು ತೋರಿಸುತ್ತಿದ್ದರು. ಸೊಸೆ ಹಿಂದೆ ರಟ್ಟಿನ ಡಬ್ಬಗಳ ನಡುವೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ರೊಟ್ಟಿಯ ವಿಷಯ ಹೇಳುತ್ತಿದ್ದಂತೆ ನಕ್ಕುಬಿಟ್ಟಳು.

“ನಮ್ಮ ಅತ್ತಿ ಮಂದಿ ಒಲಿ ಮುಂದ ಕುಂತು ರೊಟ್ಟಿ ಬಡೀತಾರ? ನಾ ಬಡದ ರೊಟ್ಟಿನೇ ಅವರಿಗಿ ಪಸಂದ ಬೀಳತಿದ್ದಿಲ್ಲ.”

ಆಮೇಲೆ ಕೂಸಿನ ಕಿವಿ ಮುಚ್ಚುವಂತೆ ಕೈಯಿಟ್ಟು ಕೇಳಿದಳು. “ಖರೇ ಹೇಳ್ರಿ. ಇದರ ಮ್ಯಾಲೆ ಕೈ ಮಾಡ್ತಾರೇನು ಭಾವಾರು?”

“ಗೊತ್ತಿಲ್ರಿ.”

“ನಿಮ್ಮ ಕಾಗದದಾಗ ‘ಗೊತ್ತಿಲ್ಲ’ ಅಂತ ಬರಿಯಾಕ ಜಾಗಾ ಅದ ಏನು?”

“ಇಲ್ಲ.”

“ಹಂಗಾರ ನಾ ಸೋಮವಾರ ಬರಾಂಗಿಲ್ಲ. ಭಾವಾರಿಗಿ ಹೇಳ್ರಿ, ನಿಮ್ಮ ಮ್ಯಾಲಿನ ಸಿಟ್ಟಿಗಲ್ಲ ಅಂತ. ಗೊತ್ತಾದ ಮ್ಯಾಲೆ ಬರ್ತೀನಿ ಅಂತ ಹೇಳ್ರಿ.”

ಹೇಳಿದೆ. ಅವನು ತಲೆಯಾಡಿಸಿದ, ಅಷ್ಟೆ.

ಮೊದಲು ಬೇರೊಂದು ಔಷಧವೂ ಹಿಡಿದಿರಲಿಲ್ಲವಾದ್ದರಿಂದ ಡಾಕ್ಟರು ಅವನನ್ನು ವಾರ್ಡಿಗೆ ಸೇರಿಸಿ ಕ್ಲೋಜಪಿನ್ ಶುರುಮಾಡಿದರು. ಅರ್ಧ ಗುಳಿಗೆಯಿಂದ ಆರಂಭ. ಮಲಗಿದಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ರಕ್ತದೊತ್ತಡ. ವಾರವಾರ ಬಿಳಿ ಕಣದ ಲೆಕ್ಕ, ಜ್ವರವೋ ಗಂಟಲು ನೋವೋ ಬಂದರೆ ಆ ಕ್ಷಣ ಹೇಳಬೇಕೆಂದು ತಾಯಿಗೆ ತಾಕೀತು. ದಿಂಬು ಜೊಲ್ಲಿನಿಂದ ಒದ್ದೆಯಾಗುತ್ತಿತ್ತು, ಟವೆಲು ಹಾಸಿದರು. ಹಗಲೆಲ್ಲ ನಿದ್ದೆ. ಮಲ ಕಟ್ಟಿತು, ಅದಕ್ಕೆ ಬೇರೆ ಔಷಧ. ವಾರ್ಡೆಂದರೆ ಗದ್ದಲ, ಅಲ್ಲಿ ಪಥ್ಯ ಹಿಡಿಯುವವರು ಯಾರೂ ಇಲ್ಲ. ಮೊದಲ ವಾರವೇ ಪಕ್ಕದ ಹಾಸಿಗೆಯವನ ಮೊಬೈಲ್ ಹಾಡಿಗೆ ಜಗಳವಾಗಿ ಅದನ್ನು ಕಿಟಕಿಯಿಂದ ಎಸೆದ. ಅಂಕ ಹಾಕಿದವಳು ಬೇರೆ ಸಿಸ್ಟರ್: ವಸ್ತುಗಳ ಮೇಲೆ, ಮೂರು. ಹಾಳೆಯನ್ನು ನೋಡಿ ನನಗೆ ನಿರಾಳವಾಯಿತು. ಯಾರದೋ ಮೊಬೈಲ್ ಒಡೆದದ್ದಕ್ಕೆ ನಿರಾಳವಾಗುವುದು ಸರಿಯೇ ಎಂದು ಆಮೇಲೆ ಅನ್ನಿಸಿತು. ಮುಂದಿನ ವಾರಗಳಲ್ಲಿ ಎರಡು, ಎರಡು, ಒಂದು. ಕಾಲಿನ ಇರುವೆಗಳು ನಿಂತವು.

ಇಷ್ಟಕ್ಕೇ ಕ್ಲೋಜಪಿನ್ ಗೆದ್ದಿತು ಎಂದು ನಾನು ಬರೆಯಲಾರೆ. ಹಳೆಯ ಔಷಧ ನಿಂತದ್ದು, ಹೊಸದು ಶುರುವಾದದ್ದು, ಯಾರೋ ಅವನನ್ನೇ ಕೂರಿಸಿ ಕೇಳತೊಡಗಿದ್ದು, ಎಲ್ಲವೂ ಒಂದೇ ತಿಂಗಳಲ್ಲಿ ಆದವು. ಹೋಲಿಕೆಗೆ ಇದು ಕೆಲಸಕ್ಕೆ ಬಾರದ ಕೇಸು. ವಿಭಾಗದ ಹೋಲಿಕೆ ನಾನಿಲ್ಲದೆ ಮುಂದುವರಿಯಿತು. ಒಂದು ಬದಲಾವಣೆ ಮಾಡಿದರು: ಮೊದಲನೇ ದಿನವೇ ಎಲ್ಲ ಮನೆಗಳವರಿಗೂ ಪಥ್ಯವಿಲ್ಲ ಎಂದು ಹೇಳುವುದು, ಮತ್ತು ರೋಗಿಯನ್ನೂ ಒಳಗೆ ಕರೆಯುವುದು.

ಅವನು ಮನೆಗೆ ಹೋದ ಮೇಲೆ ಪಥ್ಯ ಬಿಡಿಸುವುದು ನನ್ನ ಪಾಲಿಗೆ ಬಂತು. ಒಂದು ವಾರಕ್ಕೆ ಒಂದು. ಯಾವುದು ಮೊದಲೆಂದು ಅವನೇ ಹೇಳಬೇಕು. ಅವನು ರೊಟ್ಟಿ ಎಂದ. ಮನೆಯಲ್ಲೇ ರೊಟ್ಟಿ ಬಡಿದ ಮಧ್ಯಾಹ್ನ ತಾಯಿಯ ಫೋನು ಬಂತು, ಮನೆಯೊಳಗಿಂದಲೇ.

“ಬೈದಾನ್ರಿ,” ಎಂದಳು, ತಾನೇ ತಪ್ಪು ಮಾಡಿದವಳಂತೆ.

“ಏನಂತ?”

“ಎರಡು ತಿಂಗಳು ಮಂದಿ ಮನಿ ರೊಟ್ಟಿ ಛಲೋ ಇದ್ದವು, ನೀ ಬಡದಿದ್ದವು ದಪ್ಪ ಆಗ್ಯಾವ ಅಂತ.”

ಅವೂ ಅವಳೇ ಬಡಿದವಲ್ಲವೇ ಎಂದೆ. “ಅದನ್ನ ನಾ ಅವಗ ಹೇಳಿಲ್ರಿ,” ಎಂದಳು. ಅವಳು ನಗುತ್ತಿದ್ದಳೆಂದು ನನ್ನ ನೆನಪು.

ಮುಂದೆ ಎಂಜಿನ್, ಟಿ.ವಿ., ತಮ್ಮನೊಡನೆ ಒಂದೇ ಪಂಕ್ತಿಯ ಊಟ. ಟಿ.ವಿ. ಎರಡು ಸಲ ಸೋತಿತು, ಮತ್ತೆ ಕೌದಿ ಹೊದಿಸಿದರು, ಮತ್ತೆ ತೆಗೆದರು. ಒಂದು ದಿನ ತಮ್ಮನ ಅಂಗಿ ಹಿಡಿದು ಎಳೆದ, ಗುಂಡಿ ಕಿತ್ತುಬಂತು. ಅದನ್ನು ಫೋನಿನಲ್ಲಿ ಹೇಳಿದವನು ಅಣ್ಣನೇ. ಇವೆಲ್ಲವನ್ನೂ, ಗುಂಡಿಯನ್ನೂ ಸೇರಿಸಿ, ನವಿ ಪೇಠೆಗೆ ಹೇಳುತ್ತಿದ್ದೆ. ಅವನ ಒಪ್ಪಿಗೆ ಇತ್ತು.

ಒಂದು ಭಾನುವಾರ ಸೊಸೆ ಒಂದು ಹೊತ್ತಿನ ಮಟ್ಟಿಗೆಂದು ತಡವಳಕ್ಕೆ ಹೋದಳು. ನಾನು ಅಲ್ಲಿರಲಿಲ್ಲ. ಮೂವರು ಮೂರು ಥರ ಹೇಳಿದ್ದಾರೆ. ತಾಯಿಯ ಪ್ರಕಾರ ಏನೂ ಆಗಲೇ ಇಲ್ಲ. ತಮ್ಮನ ಪ್ರಕಾರ ಅಣ್ಣ ಒಮ್ಮೆ ಜೋರಾಗಿ ಚೀರಿದ. ಸೊಸೆ ಹೇಳಿದ್ದು ಹೀಗೆ: ಊಟಕ್ಕೆ ಕೂರುವಾಗ ಕೂಸು ಅಳಲು ಶುರುಮಾಡಿತು, ಹಲ್ಲು ಬರುತ್ತಿದ್ದ ದಿನಗಳು, ನಿಲ್ಲಿಸಲೇ ಇಲ್ಲ. ಅತ್ತೆ ಕೂಸಿನ ಬಾಯಿಗೆ ಸೆರಗು ಅಡ್ಡ ಹಿಡಿಯಲು ಬಂದರು, ಇವಳು ಕೈ ಸರಿಸಿದಳು. ಭಾವ ತಟ್ಟೆ ಬಿಟ್ಟು ಎದ್ದ. ಇವಳ ಕಾಲುಗಳು ಬಾಗಿಲ ಕಡೆ ತಿರುಗಿಬಿಟ್ಟವಂತೆ. ಅವನು ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದ. ಸ್ವಲ್ಪ ಹೊತ್ತಿಗೆ ಮೇಲಿಂದ ದನಿ ಬಂತು.

“ಅಳೂದು ನಿಂತದೇನವಾ?”

“ಇನ್ನಾ ಇಲ್ರಿ ಭಾವಾರ.”

“ಅಳಲಿ ಬಿಡು. ನಾ ಇನ್ನೊಂದೀಟು ಇಲ್ಲೇ ಕುಂದರ್ತೀನಿ.”

ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಅಂಗಳದಲ್ಲಿ ತನ್ನನ್ನು ಸೋಲಾಪುರಕ್ಕೆ ತಿರುಗಿ ಬಿಟ್ಟುಬರಲು ಗಾಡಿ ತಿರುಗಿಸಿ ನಿಂತಿದ್ದ ಗಂಡನಿಗೆ ಹೇಳಿದಳು.

“ಇವತ್ತ ಬ್ಯಾಡ. ನಾಳಿ ನೋಡೂಣು.”